ಎಡಕ್ಕೆ ತಿರುಗಿದರೆ ಜಲಪಾತ

ನಮ್ಮೂರಿನ ಜಲಪಾತಕ್ಕೆ ದಾರಿ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ, ಅವರು ಬೆಟ್ಟದ ಕಡೆ ಕೈ ತೋರಿಸುವುದಿಲ್ಲ. ಬೆಟ್ಟದ ಬುಡದಲ್ಲಿರುವ ಟಿಕೆಟ್ ಕೌಂಟರಿನ ಕಡೆ ತೋರಿಸುತ್ತಾರೆ. "ಅಲ್ಲಿ ನಕ್ಷೆ ಇರ್ತಾನೆ, ಅವನನ್ನ ಕೇಳಿ" ಎನ್ನುತ್ತಾರೆ. ಹೊಸಬರು ಬಂದು ಗೋಡೆಯ ಮೇಲೆಲ್ಲ ನಕ್ಷೆ ಹುಡುಕುತ್ತಾರೆ. ಆಗ ಕಿಂಡಿಯೊಳಗಿಂದ ಒಂದು ಕೆಮ್ಮು ಕೇಳುತ್ತದೆ. ಆ ಕೆಮ್ಮಿದವನೇ ನಕ್ಷೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಅವನಿಗೂ ನೆನಪಿರುವುದಿಲ್ಲ.

ಅವನ ಕೌಂಟರಿಗೆ ಅಂಟಿಕೊಂಡೇ ನನ್ನ ಅಂಗಡಿ. ಬೆಟ್ಟ ಹತ್ತುವವರಿಗೆ ಕೋಲು, ರೇನ್‌ಕೋಟು ಬಾಡಿಗೆಗೆ ಕೊಡುತ್ತೇನೆ. ನಾನು ಜಲಪಾತ ನೋಡಿದವನಲ್ಲ, ಅದನ್ನು ಯಾರಿಂದಲೂ ಮುಚ್ಚಿಟ್ಟವನೂ ಅಲ್ಲ. ನನ್ನ ಮಂಡಿ ಅಂಗಡಿಯ ಮೆಟ್ಟಿಲಿಗೇ ತಕರಾರು ಮಾಡುತ್ತದೆ. ಆದರೆ ದಿನವಿಡೀ ನಕ್ಷೆಯ ಮಾತು ಕೇಳಿ ಕೇಳಿ, ಕೂತಲ್ಲೇ ಜಲಪಾತದ ತುಂತುರು ತಗುಲಿ ನೆಗಡಿಯಾಗುವುದೊಂದು ಬಾಕಿ ಇತ್ತು.

"ಮೊದಲು ಪಾಚಿ ಮೆಟ್ಟಿಲು ಸಿಗುತ್ತೆ. ಅಲ್ಲಿ ಮಾತಾಡ್ಬೇಡಿ, ಉಸಿರು ಉಳಿಸ್ಕೊಳ್ಳಿ. ಆಮೇಲೆ ಕುರಿ ಕಾಯೋರ ಗುಡಿಸಲು. ನಾಯಿ ಬೊಗಳುತ್ತೆ, ಕಚ್ಚಲ್ಲ. ಅದು ದಾಟಿದ್ರೆ ಜೋಡಿಮರ. ಅಲ್ಲಿ ದಾರಿ ಎರಡಾಗುತ್ತೆ. ಎಡಕ್ಕೆ ತಿರುಗಿ. ನೆನಪಿಟ್ಕೊಳ್ಳಿ, ಎಡಕ್ಕೆ! ಎಡಕ್ಕೆ ತಿರುಗಿದ್ರೆ ಜಲಪಾತ ತಾನೇ ನಿಮ್ಮನ್ನ ಕರೆಯುತ್ತೆ."

"ನೀವು ತುಂಬಾ ಸಲ ಹೋಗಿರ್ಬೇಕು ಅಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಹೋಗೋದೇನು ಬಂತು ಸ್ವಾಮಿ, ಕಣ್ಣು ಕಟ್ಟಿ ಬಿಟ್ರೂ ಹೋಗಿ ಬರ್ತೀನಿ" ಎಂದು ನಕ್ಷೆ ಟಿಕೆಟ್ ಹರಿದು ಕೊಡುತ್ತಿದ್ದ.

ನಿಜ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ. ಕಥೆ ಗೋಜಲಾಗಬಾರದೆಂದು ಈಗಲೇ ಹೇಳಿಬಿಡುತ್ತೇನೆ. ನಕ್ಷೆ ಹುಟ್ಟಿದಾಗಿನಿಂದ ಪಾಚಿ ಮೆಟ್ಟಿಲಿನಾಚೆ ಕಾಲಿಟ್ಟವನಲ್ಲ. ಗಡಿಯಾರಕ್ಕೆ ಕೀಲಿ ಕೊಡಲು ಸ್ಟೂಲು ಹತ್ತಿದರೂ ಅವನಿಗೆ ತಲೆ ತಿರುಗುತ್ತಿತ್ತು. ಅವನ ಪಾಂಡಿತ್ಯವೆಲ್ಲ ಬೆಟ್ಟ ಇಳಿದು ಬರುವವರಿಂದ ಬಂದದ್ದು. ಬೆವರು ಸುರಿಸುತ್ತ ಬಂದವರಿಗೆ ಕುಡಿಯಲು ನೀರು ಕೊಡುವನು, "ಜೋಡಿಮರದ ಹತ್ರ ಯಾವ ಕಡೆಯಿಂದ ಬಂದ್ರಿ?" ಎಂದು ಉಪಾಯವಾಗಿ ಕೇಳುವನು. "ಎಡಗಡೆಯಿಂದ" ಎಂದು ಅವರು ಹೇಳುವರು. ಅದನ್ನೇ ಮರುದಿನ ಹತ್ತುವವರಿಗೆ ದಾಟಿಸುವನು. ಇಳಿದು ಬರುವವನ ಎಡಗೈ ಹತ್ತಿ ಹೋಗುವವನಿಗೆ ಬಲಗಡೆ ಎಂಬ ಯೋಚನೆ ಆ ಕಿಂಡಿಯೊಳಗೆ ಒಂದು ದಿನವೂ ನುಸುಳಲಿಲ್ಲ.

ಇಷ್ಟು ವರ್ಷ ಯಾರೂ ದಾರಿ ತಪ್ಪದೇ ಇದ್ದದ್ದು ಹೇಗೆ ಎಂದು ನೀವು ಕೇಳಬಹುದು. ಜೋಡಿಮರದ ಬುಡದಲ್ಲಿ ಅರಣ್ಯ ಇಲಾಖೆಯವರ ಬೋರ್ಡು ಇತ್ತು, ಅದರ ಮೇಲೆ ದೊಡ್ಡ ಬಾಣ ಇತ್ತು. ಹತ್ತುವವರು ಗುಡಿಸಲ ಹತ್ತಿರ ಬರುವಷ್ಟರಲ್ಲಿ ನಕ್ಷೆಯ ಮಾತೆಲ್ಲ ಮರೆತಿರುತ್ತಿದ್ದರು, ಬಾಣ ನೋಡಿಕೊಂಡು ಬಲಕ್ಕೆ ಹೋಗುತ್ತಿದ್ದರು. ಹೀಗೆ ನಕ್ಷೆಯ ಮಾತು ಯಾರಿಗೂ ಉಪಕಾರ ಮಾಡದೆ, ಯಾರಿಗೂ ಅಪಕಾರ ಮಾಡದೆ ನಡೆದುಕೊಂಡು ಬಂದಿತ್ತು. ಆ ವರ್ಷ ಮಳೆ ಜೋರಾಗಿ ಬಂತು. ಜೋಡಿಮರದ ಹತ್ತಿರ ಗುಡ್ಡ ಜರಿಯಿತು, ಬೋರ್ಡು ಮಣ್ಣಿನ ಜೊತೆ ಹೋಯಿತು. ಇದು ರೇಂಜರ್ ಸಾಹೇಬರಿಗೆ ಗೊತ್ತಾಗಬೇಕಿತ್ತು. ಆದರೆ ಅವರು ದಾರಿಯ ತಪಾಸಣೆಯನ್ನು ಲಾಡ್ಜಿನ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು, ದುರ್ಬೀನು ಹಿಡಿದು ಮಾಡುತ್ತಿದ್ದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರಲ್ಲ, ಅವರ ದುರ್ಬೀನಿಗೂ ನುಣ್ಣಗೇ ಕಂಡಿತು.

ಮಳೆ ನಿಂತು ದಾರಿ ತೆರೆದ ವಾರದಲ್ಲೇ ನಕ್ಷೆಯ ಹೆಂಡತಿಯ ತಮ್ಮ ಬಂದ. ಅವನು ಕೆಳಗಿನ ಪಟ್ಟಣದಲ್ಲಿ ಬೇಕರಿಯ ಒಲೆ ನೋಡಿಕೊಳ್ಳುವವನು. ಮೊಣಕೈವರೆಗೂ ಸುಟ್ಟ ಗುರುತು, ಮುಖದ ತುಂಬ ನಗು. ತಾಯಿ ಹೋದಾಗ ಅವನಿನ್ನೂ ತೆವಳುವ ಕೂಸು. ಅಕ್ಕನ ಸೊಂಟದ ಮೇಲೇ ಬೆಳೆದವನು. ಅಕ್ಕನಿಗೆ ಅವನು ತಮ್ಮನೂ ಹೌದು, ಮಗನೂ ಹೌದು. ಅವನಿಗೆ ಮಾತ್ರ ಪ್ರಪಂಚದಲ್ಲಿ ಭಾವನಿಗಿಂತ ತಿಳಿದವರಿಲ್ಲ. ಗಡ್ಡ ಬೋಳಿಸಿಕೊಂಡು ನಾದಿದರೆ ಹಿಟ್ಟು ಚೆನ್ನಾಗಿ ಉಬ್ಬುತ್ತದೆ ಎಂದು ನಕ್ಷೆ ಯಾವಾಗಲೋ ಬಾಯಿಗೆ ಬಂದದ್ದು ಹೇಳಿದ್ದಕ್ಕೆ, ಅಂದಿನಿಂದ ಒಂದು ದಿನವೂ ಗಡ್ಡ ಬಿಟ್ಟವನಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾನು ಕಂಡಿದ್ದೇನೆ. ಇವನು, ಹೇಳಿದ್ದು ಭಾವನಾದರೆ, ಹಾಲು ಕರೆಯಲು ಚೊಂಬು ಹಿಡಿದುಕೊಂಡು ಬರುವವನು.

ತಂದಿದ್ದ ಬನ್ನು ತಿನ್ನಲು ನನ್ನನ್ನೂ ಕರೆದಿದ್ದರು. ನಕ್ಷೆಯ ಹೆಂಡತಿ ಒಳಗೆ ಟೀ ಕಾಯಿಸುತ್ತಿದ್ದಳು. ಬೇಕರಿಯವನು ಪ್ರತಿ ವರ್ಷದ ರಾಗ ತೆಗೆದ.

"ಭಾವ, ಈ ಸಲ ಜಲಪಾತಕ್ಕೆ ನೀವೇ ಕರ್ಕೊಂಡು ಹೋಗ್ಬೇಕು. ಒಲೆ ರಿಪೇರಿಗೆ ಬಂದಿದೆ, ರಜಾ ಕೊಟ್ಟಿದ್ದಾರೆ. ಮತ್ತೆ ಇಂಥ ರಜಾ ಸಿಗಲ್ಲ."

"ನಾನು ಬಂದ್ರೆ ಕಿಂಡೀಲಿ ಕೂರೋರು ಯಾರಪ್ಪ?"

"ಒಂದಿನ ಮುಚ್ಚಿ ಭಾವ. ಬೆಟ್ಟದ ಟಿಕೆಟ್ ಕೊಡೋರು ಬೆಟ್ಟ ಹತ್ತಿದ್ರೆ ತಪ್ಪಾ?"

"ಜೈಲರ್ ಆದೋನು ಜೈಲಲ್ಲಿ ಮಲಗ್ತಾನೇನೋ? ಕೆಲಸಕ್ಕೊಂದು ಮರ್ಯಾದೆ ಇರುತ್ತೆ."

ಒಳಗಿನಿಂದ ಹೆಂಡತಿ ಕೂಗಿದಳು: "ಹೋಗ್ರೀ ಒಂದ್ಸಲ! ಹೋದ ವರ್ಷ ಹಲ್ಲುನೋವು ಅಂದ್ರಿ, ಅದರ ಹಿಂದಿನ ವರ್ಷ ಚಪ್ಪಲಿ ಕಿತ್ತೋಗಿದೆ ಅಂದ್ರಿ. ಜಲಪಾತ ನೋಡೋಕೆ ಹಲ್ಲು ಯಾಕೆ ಬೇಕು?"

ನಕ್ಷೆ ಕಕ್ಕಾಬಿಕ್ಕಿಯಾದ. ಆದರೆ ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ. "ಜೊತೇಲಿ ಬಂದು ತೋರಿಸಿದ್ರೆ ಅದರಲ್ಲೇನು ಮಜಾ? ಒಬ್ಬನೇ ಹೋಗ್ಬೇಕು, ಸದ್ದು ಕೇಳ್ಕೊಂಡು ಹೋಗ್ಬೇಕು. ಬಾ ಇಲ್ಲಿ" ಎಂದು ತಟ್ಟೆಯಲ್ಲಿದ್ದ ಬನ್ನುಗಳನ್ನು ಮೇಜಿನ ಮೇಲೆ ಜೋಡಿಸಿದ. ಒಂದು ಬನ್ನು ಗುಡಿಸಲು, ಎರಡು ಬನ್ನು ಜೋಡಿಮರ, ನನ್ನ ಕೈಯಲ್ಲಿ ಅರ್ಧ ತಿಂದಿದ್ದದ್ದು ಜಲಪಾತ. "ಇಲ್ಲಿ ಎಡಕ್ಕೆ. ಮರೀಬೇಡ."

"ನೀವು ಹೇಳಿದ್ಮೇಲೆ ಮುಗೀತು ಭಾವ" ಎಂದ ಬೇಕರಿಯವನು.

ಬೆಳಿಗ್ಗೆ ಅವನಿಗೆ ನಾನೇ ಗಟ್ಟಿ ಕೋಲು ಆರಿಸಿ ಕೊಟ್ಟೆ. ಅವನು ಕಿಂಡಿಯ ಮುಂದೆ ನಿಂತು ಎಲ್ಲರ ಹಾಗೆ ಟಿಕೆಟ್ ತಗೊಂಡ. ಭಾವನಿಂದ ಟಿಕೆಟ್ ತಗೊಂಡೆ ಎಂದು ಅಲ್ಲಿದ್ದವರಿಗೆಲ್ಲ ತೋರಿಸಿದ. ಹತ್ತಿದ ಉಳಿದವರು, ಹಿಂದೆ ಬಂದು ಹೋಗಿದ್ದ ಪ್ರವಾಸಿಗರ ಬೆನ್ನು ಹಿಡಿದು ಹೋದವರು, ಸಂಜೆ ಇಳಿದು ಬಂದರು. ಅವನು ಬರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಊರಿಗೆ ಊರೇ ಕೌಂಟರಿನ ಮುಂದೆ ಸೇರಿತು. ನಮ್ಮೂರಲ್ಲಿ ಕಷ್ಟಕ್ಕೆ ಆಗುವವರಿಗಿಂತ ಕಷ್ಟದ ಬಗ್ಗೆ ಭಾಷಣ ಮಾಡುವವರು ಹೆಚ್ಚು. ಒಬ್ಬರು ಚಿರತೆ ಎಂದರು, ಇನ್ನೊಬ್ಬರು ಪ್ರೇಮ ವೈಫಲ್ಯ ಎಂದರು. ನಕ್ಷೆಯ ಹೆಂಡತಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ. ನೇರವಾಗಿ ಬಂದು ಕೌಂಟರಿನ ಬಾಗಿಲು ತೆಗೆದು ಗಂಡನನ್ನು ಹೊರಗೆ ಎಳೆದಳು.

"ರೀ, ಇನ್ನೂ ಯಾಕೆ ಕೂತಿದ್ದೀರಿ? ಅವನು ಬೇರೆ ಯಾರದೋ ಭಾಮೈದ ಆಗಿದ್ರೆ ನಾನು ಹೆದರ್ತಿದ್ದೆ. ಕಣ್ಣು ಕಟ್ಟಿದ್ರೂ ಹೋಗಿ ಬರೋರು ನೀವು. ಹೋಗಿ, ಅವನನ್ನ ಕರ್ಕೊಂಡು ಬನ್ನಿ."

ನಕ್ಷೆ ಮತ್ತೆ ಕಿಂಡಿಯ ಕಡೆಗೇ ಹೆಜ್ಜೆ ಹಾಕಿದ. ರೇಂಜರ್ ಸಾಹೇಬರು ಅವನ ಹೆಗಲ ಮೇಲೆ ಕೈ ಇಟ್ಟು, "ನೀವು ಮುಂದಾಳು. ನಾವು ನಿಮ್ಮ ಹಿಂದೆ" ಎಂದರು. ಲಾಡ್ಜಿನ ಯಜಮಾನ ಬೂಟು ಬಿಗಿದುಕೊಂಡು ಬಂದ. ಅವನ ಲಾಡ್ಜಿನ ಹಜಾರದಲ್ಲಿ, ಜಲಪಾತದ ಮುಂದೆ ಕೈಕಟ್ಟಿ ನಿಂತ ಅವನದೇ ಆಳೆತ್ತರದ ಫೋಟೋ ಇತ್ತು. ಬೆಟ್ಟದ ಬಗ್ಗೆ ಮಾತಾಡುವ ಅಧಿಕಾರ ನಕ್ಷೆಯ ನಂತರ ಅವನಿಗೇ ಎಂದು ಊರು ಒಪ್ಪಿಕೊಂಡಿತ್ತು. ಕೋಲು, ರೇನ್‌ಕೋಟು ಹೊರಲು ಯಾರಾದರೂ ಬೇಕಲ್ಲ ಎಂದು ಮಂಡಿಯನ್ನು ಬೈದುಕೊಂಡು ನಾನೂ ಹೊರಟೆ.

ಪಾಚಿ ಮೆಟ್ಟಿಲಿನಲ್ಲಿ ಮುಂದಾಳು ಮೊದಲು ಜಾರಿದ. ಅವನ ಹಿಂದೆ ರೇಂಜರ್ ಸಾಹೇಬರು ಜಾರಿದರು. ಇಬ್ಬರೂ ಎದ್ದು, ಮೆಟ್ಟಿಲಿನ ಗಟ್ಟಿತನ ಪರೀಕ್ಷೆ ಮಾಡಿದವರ ಹಾಗೆ ತಲೆಯಾಡಿಸಿದರು. ಗುಡಿಸಲ ಹತ್ತಿರ ನಾಯಿ ಬಂತು.

"ಬೊಗಳುತ್ತೆ, ಕಚ್ಚಲ್ಲ" ಎಂದ ನಕ್ಷೆ.

ನಾಯಿ ಬೊಗಳಲಿಲ್ಲ. ಸುಮ್ಮನೆ ಬಂದು ಲಾಡ್ಜಿನ ಯಜಮಾನನ ಮೀನಖಂಡ ಹಿಡಿಯಿತು.

"ಅಯ್ಯಯ್ಯೋ! ಕಚ್ಚಲ್ಲ ಅಂದ್ಯಲ್ಲೋ!"

"ಇದು ಬೇರೆ ನಾಯಿ ಇರ್ಬೇಕು" ಎಂದ ನಕ್ಷೆ. ಅವನ ದನಿಯಲ್ಲಿ ಎಂಥ ದುಃಖವಿತ್ತೆಂದರೆ ಯಾರಿಗೂ ಅವನನ್ನು ಬೈಯಲು ಮನಸ್ಸಾಗಲಿಲ್ಲ. ಯಜಮಾನ ಕರವಸ್ತ್ರ ಕಟ್ಟಿಕೊಂಡು ಕುಂಟುತ್ತ ಬಂದ.

ಜೋಡಿಮರ ಸಿಕ್ಕಿತು. ದಾರಿ ಎರಡಾಗಿತ್ತು. ಬೋರ್ಡು ಇರಬೇಕಾದ ಜಾಗದಲ್ಲಿ ಒಂದು ಗುಂಡಿ ಇತ್ತು, ಗುಂಡಿಯಲ್ಲಿ ಕೆಂಪು ನೀರು ಇತ್ತು. ನಕ್ಷೆ ಎರಡು ದಾರಿಯನ್ನೂ ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, "ಸಾರ್, ನೀವು ಮೊನ್ನೆ ತಾನೆ ತಪಾಸಣೆ ಮಾಡಿದ್ರಿ. ನೀವೇ ಹೇಳಿಬಿಡಿ" ಎಂದ.

ರೇಂಜರ್ ಸಾಹೇಬರು ಕತ್ತಿನ ಪಟ್ಟಿ ಸರಿ ಮಾಡಿಕೊಂಡರು. "ಹೇಳ್ಬಹುದು. ಆದ್ರೆ ಇಲಾಖೆ ಯಾವತ್ತೂ ಸ್ಥಳೀಯರ ಅನುಭವಕ್ಕೆ ಬೆಲೆ ಕೊಡುತ್ತೆ. ಯಜಮಾನ್ರೇ, ನಿಮ್ಮ ಫೋಟೋ ಇದೆಯಲ್ಲ. ಅದನ್ನ ತೆಗೆಸ್ಕೊಂಡಾಗ ದಾರಿ ಯಾವ ಕಡೆ ಇತ್ತು?"

ಯಜಮಾನ ಕಾಲು ಉಜ್ಜಿಕೊಂಡ. ನೋವಿಗೋ ನಾಚಿಕೆಗೋ ಅವನ ಕಣ್ಣಲ್ಲಿ ನೀರು ಬಂತು. "ಬಸ್ ಸ್ಟ್ಯಾಂಡಿನ ಕಡೆ" ಎಂದ.

"ಏನು?"

"ಸ್ಟುಡಿಯೋ ಬಸ್ ಸ್ಟ್ಯಾಂಡಿನ ಪಕ್ಕ ಇದೆ ಸಾರ್. ಹಿಂದಿರೋದು ಪರದೆ."

"ಹಾಗಾದ್ರೆ ನೀವು ನೋಡೇ ಇಲ್ವಾ?" ಎಂದರು ರೇಂಜರ್. "ನೀವು?" ಎಂದ ಯಜಮಾನ. "ದುರ್ಬೀನಲ್ಲಿ..." ಎಂದರು ರೇಂಜರ್, ಅಲ್ಲಿಗೇ ನಿಲ್ಲಿಸಿದರು. ಜಲಪಾತದ ಹೆಸರಲ್ಲಿ ಅನ್ನ ತಿನ್ನುವ ನಾಲ್ವರು ನಾವು ಅಲ್ಲಿ ನಿಂತಿದ್ದೆವು, ಒಬ್ಬನೂ ಅದನ್ನು ಕಂಡವನಿರಲಿಲ್ಲ. ಮೂವರೂ ನಕ್ಷೆಯ ಕಡೆ ನೋಡಿದೆವು. ಮುಳುಗುವವನು ಹುಲ್ಲುಕಡ್ಡಿಯನ್ನು ನೋಡುವುದು ಹಾಗೇ ಇರಬೇಕು.

"ಎಡಕ್ಕೆ" ಎಂದ ನಕ್ಷೆ. ಪಾಪ, ಅವನಿಗೆ ಬೇರೆ ಮಾತೇ ಗೊತ್ತಿರಲಿಲ್ಲ.

ಎಡಕ್ಕೆ ಹೋದೆವು. ದಾರಿ ಸಣ್ಣದಾಯಿತು, ಮುಳ್ಳಾಯಿತು, ಕೊನೆಗೆ ಹಸಿ ಮಣ್ಣಾಗಿ ನಿಂತುಬಿಟ್ಟಿತು. ಮುಂದೆ ಗುಡ್ಡವೇ ಇರಲಿಲ್ಲ, ಬರೀ ಇಳಿಜಾರು. ಕಲ್ಲುಗಳ ನಡುವೆ ಇಲಾಖೆಯ ಬೋರ್ಡು ಅಂಗಾತ ಬಿದ್ದಿತ್ತು. ಬಾಣ ಆಕಾಶ ತೋರಿಸುತ್ತಿತ್ತು.

ನಕ್ಷೆ ಬೋರ್ಡನ್ನೇ ನೋಡುತ್ತ ನಿಂತ. ಆಮೇಲೆ ಅವನು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಊರಿನ ಕಡೆ ಮುಖ ಮಾಡಿ, ಇಳಿದು ಬರುವವನ ಹಾಗೆ ನಿಂತು, ಎಡಗೈ ಎತ್ತಿದ. ಮೆಲ್ಲಗೆ ಬೆಟ್ಟದ ಕಡೆ ತಿರುಗಿದ. ಮತ್ತೆ ಎಡಗೈ ಎತ್ತಿದ. ಕೈ ಈಗ ಇನ್ನೊಂದು ಕಡೆ ತೋರಿಸುತ್ತಿತ್ತು. ಮತ್ತೆ ಊರಿನ ಕಡೆ ತಿರುಗಿದ, ಕೈ ಎತ್ತಿದ. ಮತ್ತೆ ಬೆಟ್ಟದ ಕಡೆ. ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತತೊಡಗಿದ. ಇದು ದಿಕ್ಕು ಹಿಡಿಯುವ ಯಾವುದೋ ಹಳೆಯ ವಿದ್ಯೆ ಎಂದು ತಿಳಿದ ರೇಂಜರ್ ಸಾಹೇಬರು ತಾವೂ ಎಡಗೈ ಎತ್ತಿ ಒಂದು ಸುತ್ತು ಸುತ್ತಿದರು. "ಏನು ಗೊತ್ತಾಯ್ತು?" ಎಂದು ಭಕ್ತಿಯಿಂದ ಕೇಳಿದರು.

"ನಾನೇ ಕೊಂದೆ" ಎಂದ ನಕ್ಷೆ.

ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು. ಸಣ್ಣ ದನಿ, ಆದರೆ ಸ್ಪಷ್ಟವಾಗಿತ್ತು.

"ಭಾವಾ... ಬಂದ್ರಾ?"

ಸ್ಟೂಲು ಹತ್ತಿದರೆ ತಲೆ ತಿರುಗುವ ಮನುಷ್ಯ ನಮ್ಮನ್ನು ಕೇಳಲೂ ಇಲ್ಲ. ಆ ಇಳಿಜಾರಿನಲ್ಲಿ ಕೂತು, ಅಂಡಿನ ಮೇಲೆ ಜಾರಿಕೊಂಡು, ಮಣ್ಣು ಕಲ್ಲು ಎಲ್ಲವನ್ನೂ ಜೊತೆಗೆಳೆದುಕೊಂಡು ಕೆಳಗೆ ಹೋದ. ನಾವು ರೇಂಜರ್ ಸಾಹೇಬರ ಹಗ್ಗ ಬಿಚ್ಚಿ, ಮರಕ್ಕೆ ಕಟ್ಟಿ, ಆ ಗಂಟು ಎರಡು ಸಲ ಕಳಚಿ ಬಿದ್ದು, ಹೇಗೋ ಇಳಿದೆವು. ಆ ಹಗ್ಗದಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳು ಇನ್ನೂ ಇದ್ದವು.

ಬೇಕರಿಯವನು ಒಂದು ಬಂಡೆಗೆ ಒರಗಿ ಬಿದ್ದಿದ್ದ. ಸೊಂಟದ ಕೆಳಗೆ ಅವನು ಅಲುಗಾಡುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಭಾವನ ಕೈ ಹಿಡಿದುಕೊಂಡು ನಗಲು ನೋಡಿದ.

"ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಈ ಬೆಟ್ಟದಲ್ಲಿ ನಿಮಗೆ ಗೊತ್ತಿಲ್ಲದ ಜಾಗ ಎಲ್ಲಿದೆ! ತಪ್ಪಾಯ್ತು ಭಾವ. ನೀವು ಬಲಕ್ಕೆ ಅಂತ ಹೇಳಿರ್ತೀರಿ. ನಾನು ದಡ್ಡ, ಎಡಕ್ಕೆ ಬಂದ್ಬಿಟ್ಟೆ."

"ಇಲ್ಲ ಕಣೋ. ನಾನು ಎಡಕ್ಕೆ ಅಂತಲೇ ಹೇಳಿದ್ದು."

"ನಿನ್ನೆಯಿಂದ ಯೋಚನೆ ಮಾಡ್ತಾನೇ ಇದ್ದೀನಿ. ನೀವು ಎಡಕ್ಕೆ ಅನ್ನೋಕೆ ಸಾಧ್ಯಾನೇ ಇಲ್ಲ. ಇಲ್ಲಿ ದಾರೀನೇ ಇಲ್ವಲ್ಲ."

"ಎಡಕ್ಕೆ ಅಂದೆ ಕಣಪ್ಪ! ಬನ್ನು ಇಟ್ಟು ತೋರಿಸಿದ್ನಲ್ಲೋ! ನಂಗೆ ದಾರಿ ಗೊತ್ತಿಲ್ಲ. ನಾನು ಯಾವತ್ತೂ ಈ ಬೆಟ್ಟ ಹತ್ತಿಲ್ಲ. ಬಾಯಿಗೆ ಬಂದಿದ್ದು ಹೇಳಿದೆ."

ಜೀವಮಾನದಲ್ಲಿ ನಕ್ಷೆ ಬೆಟ್ಟದ ಬಗ್ಗೆ ಆಡಿದ ಮೊದಲ ಸತ್ಯ ಅದು. ಬೇಕರಿಯವನು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಭಾವ. ಸುಳ್ಳು ಹೇಳೋದು ನಿಮಗೆ ಬರಲ್ಲ."

ನನ್ನ ಕೋಲುಗಳನ್ನು ರೇನ್‌ಕೋಟಿನ ತೋಳುಗಳಲ್ಲಿ ತೂರಿಸಿ ಡೋಲಿ ಮಾಡಿದೆವು. ಕಚ್ಚಿಸಿಕೊಂಡ ಕಾಲಿನ ಯಜಮಾನ ಒಂದು ಕಡೆ, ಮಂಡಿಯಿಲ್ಲದ ನಾನು ಒಂದು ಕಡೆ, ರೇಂಜರ್ ಸಾಹೇಬರು ಒಂದು ಕಡೆ, ನಕ್ಷೆ ತಲೆಯ ಕಡೆ. ಇಂಥ ನಾಲ್ಕು ಜನ ಹೊತ್ತರೆ ಬದುಕಿದವನೂ ಸಾಯುತ್ತಾನೆ. ದಾರಿಯುದ್ದಕ್ಕೂ ಬೇಕರಿಯವನು ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ.

"ಭಾವ, ಜಲಪಾತ ತುಂಬಾ ದೊಡ್ಡದಾ?"

"ಹೂಂ" ಎಂದ ನಕ್ಷೆ.

"ಹೇಳಿ ಹಾಗಾದ್ರೆ, ಹೇಗಿರುತ್ತೆ?"

ನಕ್ಷೆ ನಮ್ಮ ಮೂವರ ಮುಖ ನೋಡಿದ. ಆಮೇಲೆ ಹೇಳತೊಡಗಿದ. ಕಿಂಡಿಯಲ್ಲಿ ಕೂತು ಹೇಳುತ್ತಿದ್ದನಲ್ಲ, ಅದನ್ನೇ. ಮೇಲೆ ಬಿಳಿ, ನಡುವೆ ಹೊಗೆ, ಕೆಳಗೆ ಹಸಿರು. ಹತ್ತಿರ ಹೋದರೆ ಮಾತು ಕೇಳುವುದಿಲ್ಲ. ಮುಖಕ್ಕೆ ತುಂತುರು ಹೊಡೆಯುತ್ತದೆ. ಮೂಗಿನಿಂದ ನೀರಿಳಿಯುತ್ತಿತ್ತು, ಆದರೂ ಒಂದು ಕಡೆಯೂ ತಡವರಿಸದೆ ಹೇಳಿದ. ಕುರಿ ಕಾಯುವವರ ಗುಡಿಸಲು ದಾಟುವಾಗ ಯಾರೂ "ಹೂಂ" ಎನ್ನುತ್ತಿಲ್ಲ ಎಂದು ನಮಗೆ ಗೊತ್ತಾಯಿತು. ನಕ್ಷೆಗೂ ಗೊತ್ತಾಗಿತ್ತು. ಅವನು ಮಾತ್ರ ಪಾಚಿ ಮೆಟ್ಟಿಲು ಇಳಿದು ಮುಗಿಯುವವರೆಗೂ ಹೇಳುತ್ತಲೇ ಇದ್ದ.

ಮಣ್ಣು ಮಾಡಿ ಬಂದ ಮೇಲಿನ ದಿನಗಳಲ್ಲಿ ಊರಿನ ಬುದ್ಧಿ ಬಹಳ ಚುರುಕಾಗಿ ಓಡಿತು. ಎಡಕ್ಕೆ ಎಂದು ನಕ್ಷೆ ಹೇಳಿದ್ದು ಊರಿಗೆಲ್ಲ ಗೊತ್ತು. ವರ್ಷಗಟ್ಟಲೆ ಕೇಳಿದ ಕಿವಿಗಳೇ ಎಲ್ಲ. ಆದರೆ ಅವನಿಗೆ ದಾರಿ ಗೊತ್ತಿಲ್ಲ ಎಂದರೆ ರೇಂಜರ್ ಸಾಹೇಬರಿಗೂ ಗೊತ್ತಿಲ್ಲ ಎನ್ನಬೇಕು, ಯಜಮಾನನ ಫೋಟೋ ಇಳಿಸಬೇಕು, ಬೆಟ್ಟಕ್ಕೆ ಬರುವವರು ನಿಲ್ಲಬೇಕು. ಹಾಗಾಗಿ ಊರಿನ ಕಿವಿಗಳೆಲ್ಲ ಒಟ್ಟಿಗೆ ಮಂದವಾದವು. ರೇಂಜರ್ ಸಾಹೇಬರು ನಮ್ಮನ್ನು ಕರೆದುಕೊಂಡು ನಕ್ಷೆಯ ಮನೆಗೆ ಬಂದು, ಗಂಟಲು ಸರಿಮಾಡಿಕೊಂಡು ಹೇಳಿದರು: "ಬಲಕ್ಕೆ ಅಂತ ಸ್ಪಷ್ಟವಾಗಿ ತಿಳಿಸಿದ್ರೂ ಎಡಕ್ಕೆ ಹೋಗಿದ್ದಾರೆ ಅಂತ ಮೇಲಿನವರಿಗೆ ಹೇಳಿದ್ದೀನಮ್ಮ. ಯಾರ ಮೇಲೂ ತಪ್ಪಿಲ್ಲ."

ಗೋಡೆಗೆ ಒರಗಿ ಕೂತಿದ್ದ ನಕ್ಷೆ ತಲೆ ಎತ್ತಿದ. ಹೆಂಡತಿಯ ಕಡೆ ತಿರುಗಿದ. "ಸುಳ್ಳು ಕಣೆ. ಎಡಕ್ಕೆ ಅಂದಿದ್ದು ನಾನು. ಆ ಬೆಟ್ಟ ನಾನು ಯಾವತ್ತೂ ಹತ್ತಿಲ್ಲ. ಇವ್ರನ್ನೇ ಕೇಳು."

ಅವಳು ನಮ್ಮನ್ನು ಕೇಳಲಿಲ್ಲ. ಅವನ ಪಕ್ಕ ಬಂದು ಕೂತಳು. ಅತ್ತು ಅತ್ತು ಅವಳ ದನಿ ಒಡೆದುಹೋಗಿತ್ತು.

"ಸತ್ತವನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ. ಅವನು ಚಿಕ್ಕೋನಿದ್ದಾಗಿಂದಲೂ ಅಷ್ಟೇ, ಅರ್ಧ ಕೇಳಿ ಓಡೋನು. ನಿಮ್ಮ ಮಾತು ನೆಟ್ಟಗೆ ಕೇಳಿದ್ದಿದ್ರೆ ಬದುಕಿರ್ತಿದ್ದ."

ನಕ್ಷೆ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ.

"ಅವನು ನೋಡ್ದೇ ಹೋದ. ಅವನ ಬದಲು ನಾನಾದ್ರೂ ನೋಡ್ಬೇಕು. ಈಗಲೇ ಹೋಗಿ ಬರೋಣ, ಏಳಿ. ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ. ನೀವಿದ್ರೆ ನಂಗೇನೂ ಭಯ ಇಲ್ಲ."

ಅವಳು ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ನಕ್ಷೆ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ನಾವು ನೆಲ ನೋಡಿದೆವು.